ಪುಟ್ಟನ ವಿಷಯಕ್ಕೆ, ದೊಡ್ಡುಗೆ

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ದೊಡ್ಡು,

ನಿನ್ನ ಮೆಸೇಜು ಓದಿದೆ. ಒಂದಲ್ಲ, ಹನ್ನೊಂದು. ರಾತ್ರಿ ಹನ್ನೆರಡೂವರೆಗೆ ಎದ್ದು ಕೂತು ಕಳಿಸಿದ್ದೀಯ. ಫೋನಿನಲ್ಲಿ ಒತ್ತಿ ಒತ್ತಿ ಉತ್ತರ ಕೊಡುವ ವಿಷಯ ಅಲ್ಲ ಅಂತ ಕಾಗದ ತಗೊಂಡು ಕೂತಿದ್ದೇನೆ. ಕನ್ನಡಕದ ಪವರ್ ಬದಲಾಗಿದೆ, ಅಕ್ಷರ ಸೊಟ್ಟ ಆದರೆ ಬೈಬೇಡ.

ನಿನ್ನ ತಮ್ಮ ಪುಟ್ಟನಿಗೆ ನಾನು ಬುದ್ಧಿ ಹೇಳಬೇಕು, ಯಾವುದೋ ಪ್ರಾರ್ಥನಾ ಕೂಟಕ್ಕೆ ಕರಕೊಂಡು ಹೋಗಿ ಅದನ್ನು ‘ಬಿಡಿಸಬೇಕು’, ಆಮೇಲೆ ಒಂದು ಹುಡುಗಿ ನೋಡಬೇಕು ಅಂತ ಬರೆದಿದ್ದೀಯ. ನಿನ್ನ ಪಾಪುವಿನ ಜ್ಞಾನಸ್ನಾನಕ್ಕೆ, ಅದೇ ಬ್ಯಾಪ್ಟಿಸಮ್ಮಿಗೆ, ಅವನು ಜ್ಞಾನತಂದೆ, ಅಂದರೆ ಗಾಡ್‌ಫಾದರ್, ಆಗೋದು ಬೇಡ ಅಂತಲೂ ಬರೆದಿದ್ದೀಯ.

ನಿನಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಪುಟ್ಟ ಈ ಮಾತನ್ನು ನಿನಗಿಂತ ಮುಂಚೆ ನನಗೆ ಹೇಳಿದ್ದ. ಹೋದ ಕ್ರಿಸ್‌ಮಸ್ ಆದ ಮಾರನೇ ವಾರ. ಇಬ್ಬರೂ ಅಡುಗೆಮನೆ ನೆಲದ ಮೇಲೆ ಕೂತು ಸಾರಿಗೆ ಅವರೆಕಾಳು ಹಿತುಕುತ್ತಿದ್ದೆವು. ಒಂದು ಸಿಪ್ಪೆ ಬೆರಳಿಗೆ ಅಂಟಿಕೊಂಡಿತ್ತು, ಅದನ್ನೇ ನೋಡುತ್ತಾ ‘ಅತ್ತೆ, ನಾನು ಗೇ’ ಅಂದ. ನಾನು ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎದ್ದು ಹೋಗಿಬಿಡುತ್ತಾನೆ ಅನ್ನಿಸಿತು. ಪಾತ್ರೆ ಅರ್ಧ ತುಂಬುವ ತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ‘ಊಟ ಮಾಡ್ಕೊಂಡು ಹೋಗು’ ಅಂದೆ. ಮೂರು ಮುದ್ದೆ ತಿಂದ.

ನಾನೇನೋ ದೊಡ್ಡ ಮನಸ್ಸಿನವಳು ಅಂದುಕೊಳ್ಳಬೇಡ. ಇದೇ ಮಾತಿಗೆ ಹಿಂದೆ ಒಂದು ಸಲ ಬಾಯಿ ಹಾಕಿ ಕೆಡಿಸಿದವಳು ನಾನು. ಇದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ.

1991. ಆಸ್ಪತ್ರೆಯಲ್ಲಿ ನನಗೆ ನೈಟ್ ಡ್ಯೂಟಿ. ಮದ್ದೂರು ಕಡೆಯ ಹಳ್ಳಿಯ ಹುಡುಗ ಒಬ್ಬನನ್ನು ತಂದಿದ್ದರು, ವಿಷ ಕುಡಿದಿದ್ದ. ಹೊಟ್ಟೆ ತೊಳೆದು ಉಳಿಸಿಕೊಂಡೆವು. ತಾಯಿ ಹೊರಗೆ ಬೆಂಚಿನ ಮೇಲೆ ‘ಹೊಟ್ಟೆನೋವು ತಡೀನಾರ್ದೆ ಕುಡುದ್ಬುಟ್ಟ’ ಅಂತ ಎಲ್ಲರಿಗೂ ಹೇಳುತ್ತಿದ್ದಳು. ಮೂರನೇ ರಾತ್ರಿ ಡ್ರಿಪ್ ಬದಲಾಯಿಸುವಾಗ ಅವನು ನನ್ನ ಸೆರಗಿನ ತುದಿ ಹಿಡಿದುಕೊಂಡ. ‘ನಂಗೆ ಎಣ್ಣು ಬ್ಯಾಡ ಸಿಸ್ಟರ್. ಯಾವತ್ತೂ ಬ್ಯಾಡ. ಅವ್ವುಂಗೆ ಯೋಳಿ’ ಅಂದ. ಮುಂದಿನ ತಿಂಗಳು ಅವನ ಮದುವೆ ಇತ್ತು.

ನನಗೆ ಅರ್ಥ ಆಗಲಿಲ್ಲ ಅಂತಲ್ಲ. ಅರ್ಥ ಆಯಿತು. ಅದಕ್ಕೇ ಹೆದರಿಕೆ ಆಯಿತು. ‘ಎಲ್ಲರಿಗೂ ಮೊದಮೊದಲು ಹಾಗೇ ಅನ್ಸುತ್ತೆ. ನಿನ್ನ ದೇವರನ್ನ ನೆನಕೋ, ಮದುವೆ ಆಗು, ಎಲ್ಲಾ ಸರಿಹೋಗುತ್ತೆ’ ಅಂದೆ. ಸಾಲದು ಅಂತ ಅವನ ಹೆಸರಲ್ಲಿ ಒಂದು ಜಪಸರ ಕೂಡ ಹೇಳಿದೆ. ಒಳ್ಳೆ ಕೆಲಸ ಮಾಡಿದೆ ಅಂತ ನೆಮ್ಮದಿಯಾಗಿ ನಿದ್ದೆ ಮಾಡಿದೆ ಕಣೋ.

ಅವನು ನನ್ನ ಮಾತು ಕೇಳಿದ.

ಹನ್ನೆರಡು ವರ್ಷ ಆದಮೇಲೆ ಡೋರ್ನಹಳ್ಳಿಯಲ್ಲಿ ಅಂತೋಣಿಯವರ ಹಬ್ಬ, ಜೂನ್ 13. ಆ ಜಾತ್ರೆಗೆ ಹಿಂದೂಗಳು ಎಷ್ಟು ಜನ ಬರುತ್ತಾರೆ ಅಂತ ನಿನಗೆ ಗೊತ್ತಲ್ಲ. ಕ್ಯೂನಲ್ಲಿ ಒಬ್ಬ ಮುದುಕಿ ‘ಸಿಸ್ಟರಮ್ಮ, ಗುರ್ತು ಸಿಕ್ತಾ?’ ಅಂತ ಕೈ ಹಿಡಿದಳು. ಆ ಹುಡುಗನ ತಾಯಿ. ಜೊತೆಯಲ್ಲಿ ಸೊಸೆ. ಮಗ ಲಾರಿ ಓಡಿಸುತ್ತಾನಂತೆ, ಯುಗಾದಿಗೆ ಒಂದು ಸಲ, ಗೌರಿ ಹಬ್ಬಕ್ಕೆ ಒಂದು ಸಲ ಮನೆಗೆ ಬರುತ್ತಾನಂತೆ. ಮಕ್ಕಳಿಲ್ಲ. ಹರಕೆ ಅದಕ್ಕೇ. ಅತ್ತೆ ಆ ಕಡೆ ಮೇಣದಬತ್ತಿ ತರೋಕೆ ಹೋದಾಗ ಆ ಹೆಣ್ಣುಮಗಳು ಕೇಳಿದಳು: ‘ಒಂದಿನಾನೂ ಒಡ್ದೋರಲ್ಲ, ಬಯ್ದೋರಲ್ಲ. ಮಕ ಎತ್ತಿ ನೋಡಾಕಿಲ್ಲ ಅಷ್ಟೆ. ನನ್ನಲ್ಲೇನು ಕಮ್ಮಿ ಸಿಸ್ಟರ್?’

ಅವಳಲ್ಲಿ ಏನೂ ಕಮ್ಮಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಹೇಳೋಕೆ ಹೋದರೆ ಅವನ ಗುಟ್ಟು ಬಿಟ್ಟುಕೊಟ್ಟ ಹಾಗೆ. ಸುಮ್ನೆ ನಿಂತೆ. ‘ಆಮೇಲೆ ಒಂದು ಹುಡುಗಿ ನೋಡಬೇಕು’ ಅಂತ ನೀನು ಬರೆದಿದ್ದೀಯಲ್ಲ, ಆ ಹುಡುಗಿಯ ಮುಖ ನನಗೆ ಆಗಲೇ ಕಾಣಿಸುತ್ತಿದೆ. ಅವಳೂ ಯಾರದೋ ಮನೆಯ ಮಗಳು ಅಲ್ವಾ? ನಿನ್ನ ಪಾಪುವಿನ ಹಾಗೆ.

‘ಬಿಡಿಸುವ’ ಮಾತಿಗೆ ನರ್ಸಮ್ಮನಾಗಿ ಹೇಳುತ್ತೇನೆ. ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಅದನ್ನೇ ಹೇಳಿತು. ಬದಲಾಯಿಸುತ್ತೇವೆ ಅಂತ ಚಿಕಿತ್ಸೆ ಮಾಡುವುದನ್ನು ನಿಲ್ಲಿಸಿ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. ಮಾರನೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದು ವೃತ್ತಿಗೆ ತಕ್ಕದ್ದಲ್ಲದ ನಡತೆ ಅಂತು. ಡಾಕ್ಟರಿಗೇ ಬೇಡ ಅಂದ ಕೆಲಸವನ್ನು ಮೈಕ್ ಹಿಡಿದವನ ಕೈಗೆ ಕೊಡುತ್ತೀಯಾ? ಪುಟ್ಟ ಪ್ರಾರ್ಥನೆ ಮಾಡಲಿ, ಬೇಕಾದಷ್ಟು ಮಾಡಲಿ. ಅದಕ್ಕಾಗಿ ಅಲ್ಲ.

ಇನ್ನು ನೀನು ಕಳಿಸಿದ ವಚನಗಳು. ಎಲ್ಲಾ ತೆಗೆದು ನೋಡಿದೆ. ಯಾಜಕಕಾಂಡ 18ನೇ ಅಧ್ಯಾಯ, ಪೌಲರು ರೋಮನರಿಗೆ ಬರೆದದ್ದು, ಕೊರಿಂಥದವರಿಗೆ ಬರೆದದ್ದು. ಇವೆ, ಇಲ್ಲ ಅನ್ನಲ್ಲ. ಅದೇ ಯಾಜಕಕಾಂಡದಲ್ಲಿ ಹಂದಿಮಾಂಸವೂ ಬೇಡ ಅಂತಿದೆ, ನಾವು ಹಬ್ಬಕ್ಕೆ ತಿನ್ನಲ್ವಾ ಅಂತ ವಾದ ಮಾಡುವವರಿದ್ದಾರೆ. ಅದು ಗೆಲ್ಲೋಕೆ ಆಡುವ ಮಾತು, ನನಗೆ ಹಿಡಿಸಲ್ಲ. ಆದರೆ ಸೊದೋಮಿನ ಕಥೆ ಕಳಿಸಿದ್ದೀಯಲ್ಲ, ಜೊತೆಗೆ ಯೆಹೆಜ್ಕೇಲ 16:49 ಓದು. ಸೊದೋಮಿನ ಪಾಪ ಯಾವುದು ಅಂತ ಪ್ರವಾದಿ ಎಣಿಸುತ್ತಾನೆ. ಸೊಕ್ಕು, ಹೊಟ್ಟೆ ತುಂಬ ಊಟ, ಸುಖವಾದ ಜೀವನ, ಇಷ್ಟಿದ್ದೂ ಬಡವರ ಕೈ ಹಿಡಿಯಲಿಲ್ಲ. ಮುಂದಿನ ವಚನದಲ್ಲಿ ಅಸಹ್ಯ ಕೆಲಸ ಅಂತಲೂ ಇದೆ, ಅದನ್ನು ನಾನು ಮುಚ್ಚಿಡಲ್ಲ. ನೀನು 49ನ್ನು ಮುಚ್ಚಿಡಬೇಡ.

ನಮ್ಮ ಧರ್ಮಸಭೆಯ ಉಪದೇಶ ಬದಲಾಗಿದೆ ಅಂತ ನಾನು ಹೇಳುತ್ತಿಲ್ಲ. 1992ರ ಧರ್ಮೋಪದೇಶದ ದೊಡ್ಡ ಪುಸ್ತಕದಲ್ಲಿ 2357ನೇ ಪರಿಚ್ಛೇದ ಆ ಕೃತ್ಯ ಸರಿಯಲ್ಲ ಅಂತಲೇ ಹೇಳುತ್ತದೆ. ಅದರ ಕೆಳಗೇ ಇರುವ 2358, ಇಂಥವರನ್ನು ಗೌರವದಿಂದ, ಕರುಣೆಯಿಂದ, ಮನಸ್ಸು ನೋಯದ ಹಾಗೆ ಬರಮಾಡಿಕೊಳ್ಳಿ, ಅನ್ಯಾಯದ ತಾರತಮ್ಯ ಮಾಡಬೇಡಿ ಅನ್ನುತ್ತದೆ. ನೀನು ಮೊದಲನೆಯದನ್ನು ಬಾಯಿಪಾಠ ಮಾಡಿದ್ದೀಯ.

ನಮ್ಮವರೆಲ್ಲ ಒಂದೇ ಮಾತು ಆಡಿದ್ದಾರೆ ಅಂತಲೂ ತಿಳಿಯಬೇಡ. ಇದನ್ನು ಅಪರಾಧ ಅಂತ ಮಾಡಿದ್ದ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದ ಕಾನೂನು. 2009ರಲ್ಲಿ ಡೆಲ್ಲಿ ಹೈಕೋರ್ಟು ಅದನ್ನು ಸಡಿಲಿಸಿದಾಗ, ಬೇಡ ಅಂತ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಉತ್ಕಲ್ ಕ್ರಿಶ್ಚಿಯನ್ ಕೌನ್ಸಿಲ್‌ನವರೂ ಇದ್ದರು. 2013ರಲ್ಲಿ ಆ ಕಲಂ ಮತ್ತೆ ಜಾರಿಗೆ ಬಂತು. ಆಗ ಮುಂಬೈಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್, ಇವರನ್ನು ನಾವು ಯಾವತ್ತೂ ಅಪರಾಧಿಗಳು ಅಂತ ಎಣಿಸಿಲ್ಲ ಅಂದರು. ಇಂಥ ಮದುವೆಗೆ ಅವರ ಒಪ್ಪಿಗೆ ಇರಲಿಲ್ಲ, ಆದರೂ ಜೈಲಿಗೆ ಹಾಕೋದು ಬೇಡ ಅಂದರು. 2018ರ ಸೆಪ್ಟೆಂಬರ್ 6ಕ್ಕೆ ಕೋರ್ಟೇ ಆ ಭಾಗ ತೆಗೆದುಹಾಕಿತು. ಪೋಪ್ ಫ್ರಾನ್ಸಿಸರೂ 2023ರ ಜನವರಿಯಲ್ಲಿ ಇದು ಅಪರಾಧ ಅಲ್ಲ, ಪಾಪ ಬೇರೆ ಅಪರಾಧ ಬೇರೆ ಅಂದರು. ಅದೇ ಡಿಸೆಂಬರಿನಲ್ಲಿ ಇಂಥ ಜೋಡಿಗಳಿಗೆ ಗುರುಗಳು ಆಶೀರ್ವಾದ ಕೊಡಬಹುದು, ಮದುವೆಯ ಹಾಗೆ ಕಾಣಬಾರದು ಅಷ್ಟೆ ಅಂತ ರೋಮಿನಿಂದ ಕಾಗದ ಬಂತು. ಆಫ್ರಿಕಾದ ಬಿಷಪ್ಪರು ನಮ್ಮಲ್ಲಿ ಬೇಡ ಅಂದರು. ಬಿಷಪ್ಪರಲ್ಲೇ ಮುಗಿಯದ ವಾದವನ್ನು ನೀನು ರಾತ್ರಿ ಹನ್ನೆರಡೂವರೆಗೆ ಮುಗಿಸೋಕೆ ಹೊರಟಿದ್ದೀಯ.

ಸಹಿಷ್ಣುತೆ ಅನ್ನೋದು ಪೇಪರಿನವರ ಪದ, ನಮಗೆ ಸಂಬಂಧ ಇಲ್ಲ ಅಂತ ಬೇರೆ ಬರೆದಿದ್ದೀಯ. 2008ರ ಸೆಪ್ಟೆಂಬರ್ ನೆನಪಿದೆಯಾ? ನೀನು ಆಗ ಹೈಸ್ಕೂಲು. ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿ ಆದ ವಾರ. ಟೀವಿ ನೋಡಿ ನೋಡಿ ನನಗೆ ಕೈ ನಡುಗುತ್ತಿತ್ತು. ರಾತ್ರಿ ಹತ್ತಕ್ಕೆ ಪಕ್ಕದ ಮನೆಯ ಗೌಡರ ಹೆಂಡತಿ ಬಾಗಿಲು ತಟ್ಟಿದರು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಟಾರ್ಚು. ‘ನೀವು ಬರ್ತೀರೋ, ನಾನೇ ಇಲ್ಲಿ ಮಲಗಲೋ?’ ಅಂದರು. ನಡುಮನೆಯಲ್ಲಿ ಏಸುಸ್ವಾಮಿ ಪಟದ ಕೆಳಗೇ ಮಲಗಿದರು, ಬೆಳಿಗ್ಗೆ ಎದ್ದು ತಮ್ಮ ಮನೆಗೆ ಹೋಗಿ ತುಳಸಿಗೆ ನೀರು ಹಾಕಿದರು. ಯೇಸು ದೇವರು ಹೌದೋ ಅಲ್ಲವೋ ಅಂತ ಆಕೆ ಮೊದಲು ತೀರ್ಮಾನ ಮಾಡಿಕೊಂಡು ಬರಲಿಲ್ಲ. ಇವತ್ತಿಗೂ ಆಕೆ ನಮ್ಮ ದೇವರನ್ನು ಒಪ್ಪಿಲ್ಲ, ನಾನೂ ಅವರ ಸತ್ಯನಾರಾಯಣ ಪೂಜೆಗೆ ಕೂರಲ್ಲ. ಆ ಚಾಪೆ ಮಾತ್ರ ನಾನು ಮರೆತಿಲ್ಲ. ನಮ್ಮ ಫಿಲೋಮಿನಾ ಚರ್ಚಿಗೆ 1933ರಲ್ಲಿ ಕಲ್ಲು ಇಟ್ಟವರು ನಾಲ್ವಡಿಯವರು. ಈ ಊರಿನಲ್ಲಿ ನಾವು ಬದುಕಿರೋದೇ ಹೀಗೆ.

ಇನ್ನು ಜ್ಞಾನತಂದೆಯ ಮಾತು. ಸಭೆ ಒಪ್ಪಲ್ಲ ಅಂತ ಬರೆದಿದ್ದೀಯ. ನಾನು ಫಾದರನ್ನೇ ಕೇಳಿದೆ, ಹೆಸರು ಹೇಳದೆ ಕೇಳಿದೆ. ಅವರು ಧರ್ಮಸಭೆಯ ಕಾನೂನು ಪುಸ್ತಕದ 874ನೇ ನಿಯಮ ತೆಗೆದರು. ಹದಿನಾರು ತುಂಬಿರಬೇಕು, ದೃಢೀಕರಣದ ಸಂಸ್ಕಾರ ಆಗಿರಬೇಕು, ಪರಮಪ್ರಸಾದ ತಗೊಂಡಿರಬೇಕು, ವಿಶ್ವಾಸಕ್ಕೆ ತಕ್ಕ ಜೀವನ ಇರಬೇಕು. 2023ರ ನವೆಂಬರಿನಲ್ಲಿ ಬ್ರೆಜಿಲಿನ ಬಿಷಪ್ಪರೊಬ್ಬರಿಗೆ ರೋಮು ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಊರಿಗೆಲ್ಲ ಗೊತ್ತಾಗುವ ಹಾಗೆ ಗಂಡಹೆಂಡಿರಂತೆ ಒಟ್ಟಿಗೆ ಇರುವವರ ವಿಷಯ ಬೇರೆ, ಒಂದೊಂದನ್ನೂ ಯೋಚಿಸಿ ನೋಡಿ ಅಂದಿದೆ. ಪುಟ್ಟ ಪೀಜಿಯಲ್ಲಿ ಒಬ್ಬನೇ ಇರುವ ಹುಡುಗ. ಮನಸ್ಸಿನಲ್ಲಿ ಇದ್ದದ್ದನ್ನು ಅಣ್ಣನ ಹತ್ತಿರ ಹೇಳಿಕೊಂಡ, ಅಷ್ಟೇ. ಅದಕ್ಕೆ ತಡೆ ಹಾಕುವ ನಿಯಮ ಫಾದರಿಗೂ ಕಾಣಲಿಲ್ಲ. ತಡೆ ಇರೋದು ನಿನ್ನ ಕಡೆಯಿಂದ. ಅದನ್ನು ಸಭೆಯ ತಲೆಗೆ ಕಟ್ಟಬೇಡ.

ನೀನು ಒಪ್ಪಲೇಬೇಕು ಅಂತ ನಾನು ಕೇಳುತ್ತಿಲ್ಲ. ನನಗೇ ಎಲ್ಲಾ ಅರ್ಥ ಆಗಿಲ್ಲ. ಮುಂದೆ ಅವನು ಯಾರನ್ನೋ ಕರಕೊಂಡು ಬಂದರೆ ಏನು ಮಾಡುತ್ತೇನೋ, ಆ ದಿನಕ್ಕೆ ನೋಡೋಣ. ಈಗ ಅವನಿಗೆ ಒಂದು ಫೋನ್ ಮಾಡು. ವಚನ ಹೇಳಬೇಡ. ಊಟ ಆಯ್ತಾ, ಮೊಣಕಾಲು ನೋವು ಹೇಗಿದೆ ಅಂತ ಕೇಳು, ಕ್ರಿಕೆಟ್ ಆಡಿ ಬಿದ್ದಿದ್ದಾನೆ, ನಿನಗೆ ಗೊತ್ತೇ ಇಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದೀಯಲ್ಲ ಆ ಫಾರ್ವರ್ಡು, ಅದನ್ನು ಇವತ್ತೇ ತೆಗಿ. ಹೆಸರು ಹಾಕಿಲ್ಲ ಅಂದರೂ ಅವನಿಗೆ ಗೊತ್ತಾಗುತ್ತೆ. ಅತ್ತಿಗೆಗೆ ಮಾತ್ರ ನೀನು ಹೇಳೋಕೆ ಹೋಗಬೇಡ. ಅಮ್ಮನಿಗೆ ಯಾವಾಗ ಹೇಳಬೇಕು ಅನ್ನೋದು ಅವನ ಇಷ್ಟ.

ಪಾಪುಗೆ ಬಿಳಿ ಫ್ರಾಕು ಹೊಲಿದಾಯಿತು, ನನ್ನ ಹಳೇ ಕಾಟನ್ ಸೀರೆಯದು, ಮೆತ್ತಗಿದೆ. ಕುತ್ತಿಗೆ ಅಳತೆ ಒಂದು ಸಲ ನೋಡಿ ಕಳಿಸು. ಮೇಣದಬತ್ತಿ ಅಶೋಕ ರಸ್ತೆಯಲ್ಲೇ ತಗೊಂಡಿದ್ದೇನೆ. ಜ್ಞಾನಸ್ನಾನದ ಫಾರ್ಮು ಮುಂದಿನ ಭಾನುವಾರದೊಳಗೆ ಆಫೀಸಿಗೆ ಕೊಡಬೇಕು. ಅಪ್ಪ ಅಮ್ಮನ ಹೆಸರು, ಜ್ಞಾನತಾಯಿಯ ಹೆಸರು ಎಲ್ಲಾ ತುಂಬಿದ್ದೇನೆ. ಒಂದು ಗೆರೆ ಖಾಲಿ ಇದೆ. ಶನಿವಾರ ನೀನೇ ಬಂದು ಬರಿ, ಪೆನ್ನು ಫಾರ್ಮಿನ ಜೊತೆಯಲ್ಲೇ ಇಟ್ಟಿರುತ್ತೇನೆ.

ನಿನ್ನ
ಅತ್ತೆ