ಆ ಎರಡು ಪುಟ ಹೇಗಿದ್ದರೂ ಕಳಿಸು

ಅವ್ವಿ,

ನಿನ್ನೆ ರಾತ್ರಿ ಫೋನಲ್ಲಿ "ಅವ್ವಾ, ನಾನು ಸೋಮಾರಿ ಆಗಿಬಿಟ್ಟಿದ್ದೀನಿ" ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನೀನು ಸೋಮಾರಿ ಅಲ್ಲ. ದೀಪಾವಳಿಗೆ ಬಂದಾಗ ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದು ನೋಡಿದರೆ, ನೀನು ಲ್ಯಾಪ್‌ಟಾಪ್ ಮುಂದೆ ಕೂತು ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಸಾಲು ಬರೆಯೋದು, ಅಳಿಸೋದು, ಮತ್ತೆ ಬರೆಯೋದು ಮಾಡ್ತಿದ್ದೆ, ಕೊನೆಗೆ ಎದ್ದು ಕಪಾಟಿನ ಪುಸ್ತಕ ಜೋಡಿಸೋಕೆ ಹೋದೆ. ಸೋಮಾರಿಗಳು ಆ ಹೊತ್ತಿಗೆ ಹಾಯಾಗಿ ಮಲಗಿರ್ತಾರೆ.

ನನಗೆ ನಿನ್ನ ನಾಲ್ಕನೇ ಕ್ಲಾಸಿನ ನಕ್ಷೆ ನೆನಪಾಯ್ತು. ಕರ್ನಾಟಕದ ನಕ್ಷೆ ಬರೆದು ತಂದು ತೋರಿಸಿದ್ದೆ. ಚೆನ್ನಾಗೇ ಇತ್ತು. ನಾನು ರೊಟ್ಟಿ ಬಡಿಯುತ್ತಾ, ಬೀದರ್ ಕಡೆ ಸ್ವಲ್ಪ ಸೊಟ್ಟ ಆಗಿದೆ ನೋಡು ಅಂದೆ, ಅಷ್ಟೇ. ನೀನು ಅಳಿಸಿ ಅಳಿಸಿ ಅಲ್ಲಿ ಹಾಳೆ ತೆಳ್ಳಗಾಗಿ ತೂತು ಬಿತ್ತು. ಮರುದಿನ ಹೊಟ್ಟೆ ನೋವು ಅಂತ ಶಾಲೆಗೇ ಹೋಗಲಿಲ್ಲ. ಆ ಹೊಟ್ಟೆ ನೋವು ಯಾವುದು ಅಂತ ನನಗೆ ಈಗ ಅರ್ಥ ಆಗ್ತಿದೆ. ನನ್ನದು ತಪ್ಪಾಯ್ತವ್ವಾ.

ಜನ ಕೆಲಸ ಯಾಕೆ ಮುಂದೂಡ್ತಾರೆ ಅಂತ ಈ ವಾರ ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. 2017ರಲ್ಲಿ ಫ್ಯೂಷಿಯಾ ಸಿರೋಯಿಸ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ದೊಡ್ಡ ಗುರಿ ಇಟ್ಟುಕೊಂಡು ಅದಕ್ಕೆ ದುಡಿಯುವವರು ಕೆಲಸ ಮುಂದೂಡೋದು ಕಡಿಮೆ. ತಪ್ಪಾದರೆ ಜನ ಏನಂತಾರೋ, ನಾನು ಸಾಲದೇ ಹೋದರೆ ಅಂತ ಒಳಗೊಳಗೇ ಕೊರಗುವವರೇ ಜಾಸ್ತಿ ಮುಂದೂಡೋದು. ಫೈಲ್ ತೆರೆದರೆ ಎದೆ ಭಾರ, ಮುಚ್ಚಿದರೆ ಹಗುರ, ಅಲ್ವಾ? ಆ ಒಂದು ಗಳಿಗೆಯ ಹಗುರಕ್ಕೇ ಮನಸ್ಸು ಮತ್ತೆ ಮತ್ತೆ ಫೈಲ್ ಮುಚ್ಚಿಸುತ್ತೆ. ನಾಳೆ ಭಾರ ಇನ್ನಷ್ಟು ಜಾಸ್ತಿ. ಹಾಗಾಗಿ ನಿನ್ನನ್ನು ನೀನೇ ಬೈದುಕೊಂಡರೆ ಕೆಲಸ ಸಾಗಲ್ಲ. ಕೆನಡಾದಲ್ಲಿ ಕಾಲೇಜು ಮಕ್ಕಳನ್ನು ಗಮನಿಸಿ 2010ರಲ್ಲಿ ಬರೆದದ್ದೊಂದಿದೆ: ಮೊದಲ ಪರೀಕ್ಷೆಗೆ ಓದೋದು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು, ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ನನಗೆ ಇದು ಹೊಸದು. ನಾವು ಬೈದರೇ ಮಕ್ಕಳು ಓದ್ತಾರೆ ಅಂತ ನಂಬಿ ಇಷ್ಟು ವರ್ಷ ಪಾಠ ಮಾಡಿದ್ದೀವಿ.

ಕಿನ್ನಾಳಕ್ಕೆ ಹೋದದ್ದು ನೆನಪಿದೆಯಾ? ಗೊಂಬೆ ಮಾಡುವವರ ಮನೆಯ ಕಟ್ಟೆ ಮೇಲೆ ಆಗಷ್ಟೇ ಕೆತ್ತಿ ಜೋಡಿಸಿದ ಗೊಂಬೆ ಇತ್ತು. ಮೈತುಂಬ ಉಳಿಯ ಗೀರು, ಭುಜದಲ್ಲಿ ಸಂದಿ. "ಇದೇನು ಹಿಂಗೈತಿ" ಅಂದೆ ನೀನು. "ಮೊದಲು ನಿಲ್ಲಲಿ ಬೇ, ಬಣ್ಣ ಆಮೇಲೆ" ಅಂದರು ಆ ಅಜ್ಜ. ಸಂದಿಗೆ ಹುಣಸೆ ಬೀಜದ ಅಂಟು ಕಲಸಿದ ಮೆತ್ತನ್ನು ಬೆರಳಲ್ಲೇ ತುಂಬುತ್ತಿದ್ದರು.

ನಿನ್ನ ರಿಪೋರ್ಟಿನಲ್ಲೂ ಮೊದಲು ಸಂದಿ ಇರಲಿ. ದಿನಕ್ಕೆ ಅರ್ಧ ಗಂಟೆ ಬರಿ, ಆ ಅರ್ಧ ಗಂಟೆ ಏನನ್ನೂ ಅಳಿಸಬೇಡ. ಗೈಡ್‌ಗೂ ಇದ್ದದ್ದನ್ನು ಇದ್ದ ಹಾಗೇ ತೋರಿಸು. ಶನಿವಾರ ನನಗೆ ವಾಟ್ಸಾಪಲ್ಲಿ ಎರಡು ಪುಟ ಕಳಿಸು, ನಾನು ಸುಮ್ನೆ ಓದ್ತೀನಿ, ಒಂದು ತಪ್ಪೂ ಹುಡುಕಲ್ಲ.

ಪಕ್ಕದ ಮನೆ ಹುಡುಗ ಭಾನುವಾರ ಹಂಪಿ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರಿಗೆ ಬರ್ತಿದ್ದಾನೆ. ಅವನ ಕೈಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಕೊಪ್ಪಳ