ಕೇದಾರಕ್ಕೆ ಹೊರಟವರು ದಾರಿಯಲ್ಲಿ ಒಂದು ದಿನ ನಿಲ್ಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಮೇ ತಿಂಗಳಲ್ಲಿ ಅಮ್ಮನನ್ನು ಕೇದಾರನಾಥಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ತೀರ್ಥಹಳ್ಳಿ ಕಡೆಯವರಿಗೆ ಗುಡ್ಡ ಹತ್ತೋದು ಹೊಸದಲ್ಲ, ಅಮ್ಮ ಕೊಡಚಾದ್ರಿಯನ್ನೇ ನಡೆದು ಹತ್ತಿದವರು, ಹಾಗಾಗಿ ನಾನೂ ಜಾಸ್ತಿ ಯೋಚನೆ ಮಾಡಲಿಲ್ಲ. ಅದೇ ತಪ್ಪಾಯಿತು. ಕೊಡಚಾದ್ರಿ 1,343 ಮೀಟರ್, ಕೇದಾರ ಸುಮಾರು 3,580. ಅಲ್ಲಿ ಸೋಲುವುದು ಕಾಲಲ್ಲ, ಉಸಿರು. ಟೂರಿನವರು ಹರಿದ್ವಾರದಿಂದ ಒಂದೇ ಓಟದಲ್ಲಿ ಕರೆತಂದು ಮರುದಿನ ಬೆಳಗ್ಗೆಯೇ ಗೌರಿಕುಂಡದಿಂದ ಹತ್ತಿಸಿದರು. ಲಿಂಚೋಲಿ ಹತ್ತಿರ ಅಮ್ಮನಿಗೆ ತಲೆನೋವು, ವಾಂತಿ. ಕೆಳಗೆ ಇಳಿಸಿದ ಮೇಲೆ ಸರಿಹೋಯಿತು, ದರ್ಶನ ಮಾತ್ರ ಆಗಲಿಲ್ಲ. ಅಲ್ಲಿನ ರಾವಲರು, ಅಂದರೆ ಪ್ರಧಾನ ಅರ್ಚಕರು, ಕರ್ನಾಟಕ ಮೂಲದ ವೀರಶೈವರು ಅಂತ ಅಮ್ಮ ಎಷ್ಟು ಖುಷಿಯಿಂದ ಹೊರಟಿದ್ದರು, ಪಾಪ.

ದಯವಿಟ್ಟು ದುಡ್ಡು ಕಟ್ಟುವ ಮೊದಲೇ ಕೇಳಿ, ಮೈ ಎತ್ತರಕ್ಕೆ ಹೊಂದಿಕೊಳ್ಳಲು ದಾರಿಯಲ್ಲಿ ಸಿಗುವ ಗುಪ್ತಕಾಶಿಯಲ್ಲೋ ಗೌರಿಕುಂಡದಲ್ಲೋ ಒಂದು ದಿನ ಪೂರ್ತಿ ನಿಲ್ಲಿಸುತ್ತಾರಾ ಅಂತ. ಬಿಪಿ, ಶುಗರ್ ಇದ್ದವರು ಡಾಕ್ಟರನ್ನು ಕಂಡೇ ಹೊರಡಿ. ವಾಂತಿ ಶುರುವಾದರೆ 'ಇನ್ನೇನು ಬಂತು' ಅಂತ ಹತ್ತಿಸಬೇಡಿ, ಇಳಿಸಿ.

ದೀಪಾವಳಿ ಹೊತ್ತಿಗೆ ಬಾಗಿಲು ಮುಚ್ಚಿ ಉತ್ಸವಮೂರ್ತಿ ಊಖಿಮಠಕ್ಕೆ ಬರುತ್ತದೆ. ಅಲ್ಲಿಗೆ ರಸ್ತೆ ಇದೆ, ಎತ್ತರವೂ ಹೆಚ್ಚುಕಡಿಮೆ ನಮ್ಮ ಕೊಡಚಾದ್ರಿಯಷ್ಟೇ. ಈ ಚಳಿಗಾಲ ಅಮ್ಮನನ್ನು ಅಲ್ಲಿಗೆ ಕರೆದೊಯ್ಯುತ್ತೇನೆ.

ಓದುಗ, ತೀರ್ಥಹಳ್ಳಿ