ಅಕ್ಕನ ಹೊಲಿಗೆ ಯೂನಿಟ್‌ಗೆ ಒಂದಿಷ್ಟು ಸಿನಿಮಾ

ಪ್ರೀತಿಯ ಅಕ್ಕ,

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಾನು ಚೆನ್ನಾಗಿದ್ದೇನೆ. ಕೆಲಸ ಸ್ವಲ್ಪ ಜಾಸ್ತಿ ಇದೆ, ಆರೋಗ್ಯಕ್ಕೇನೂ ತೊಂದರೆ ಇಲ್ಲ. ಅಮ್ಮ ಸುಮ್ನೆ ಚಿಂತೆ ಮಾಡುವುದು ಬೇಡ.

ನೀನೂ ನಿನ್ನ ಗೆಳತಿಯೂ ಸೇರಿ ಹೊಲಿಗೆ ಯೂನಿಟ್ ಶುರು ಮಾಡುತ್ತಿದ್ದೀರಿ ಅಂತ ಕೇಳಿ ತುಂಬಾ ಖುಷಿಯಾಯಿತು. ಮೊನ್ನೆ ಫೋನಿನಲ್ಲಿ ಕೆಲವು ಸಿನಿಮಾ ನೋಡು ಅಂದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಪ್ಪ, "ಸಿನಿಮಾ ನೋಡಿ ಯಾರಾದರೂ ವ್ಯಾಪಾರ ಕಲಿಯುತ್ತಾರಾ?" ಅಂದದ್ದು ನನಗೂ ಕೇಳಿಸಿತು. ಕೇಳಬೇಕಾದ ಪ್ರಶ್ನೆಯೇ. ಫೋನಿನಲ್ಲಿ ಹೇಳಲು ಹೋದರೆ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಿನಿಮಾದಲ್ಲಿ ಜನ ನೆನಪಿಟ್ಟುಕೊಳ್ಳುವುದು ಡೈಲಾಗು. ನನಗೆ ಉಪಯೋಗಕ್ಕೆ ಬಂದದ್ದು ಯಾರೂ ಚಪ್ಪಾಳೆ ಹೊಡೆಯದ ದೃಶ್ಯಗಳು. ಯಾರೋ ಸುಮ್ಮನೆ ತಮ್ಮ ಕೆಲಸ ಮಾಡುತ್ತಿರುತ್ತಾರಲ್ಲ, ಅಂಥವು.

2016ರಲ್ಲಿ ಬಂದ 'ದ ಫೌಂಡರ್' ಅಂಥ ಚಿತ್ರ. ಮ್ಯಾಕ್‌ಡೊನಾಲ್ಡ್ಸ್ ಬೆಳೆದ ಕಥೆ. ಮಿಲ್ಕ್‌ಶೇಕ್ ಮಾಡುವ ಯಂತ್ರ ಮಾರುತ್ತಾ ಊರೂರು ಅಲೆಯುವ ರೇ ಕ್ರಾಕ್ ಎಂಬುವನು, ಡಿಕ್ ಮತ್ತು ಮ್ಯಾಕ್ ಎಂಬ ಅಣ್ಣತಮ್ಮಂದಿರ ಹೋಟೆಲಿಗೆ ಬರುತ್ತಾನೆ. ಛಲ ಬಿಡಬಾರದು ಅಂತ ಹೇಳುವ ಒಂದು ರೆಕಾರ್ಡನ್ನು ಅವನು ರೂಮಿನಲ್ಲಿ ಹಾಕಿಕೊಂಡು ಕೇಳುತ್ತಾನೆ. ನೋಡಿದವರೆಲ್ಲ ಆ ಮಾತುಗಳನ್ನೇ ಹೇಳುತ್ತಾರೆ. ನೀನು ಅದನ್ನು ಬಿಡು, ಟೆನಿಸ್ ಅಂಗಳದ ದೃಶ್ಯ ನೋಡು.

ಆ ಅಣ್ಣತಮ್ಮಂದಿರು ಹೊಸ ಅಡುಗೆಮನೆ ಕಟ್ಟಿಸುವ ಮೊದಲು ಕೆಲಸದವರನ್ನೆಲ್ಲ ಒಂದು ಟೆನಿಸ್ ಅಂಗಳಕ್ಕೆ ಕರೆದುಕೊಂಡು ಹೋಗುತ್ತಾರೆ. ಅಡುಗೆಮನೆಯ ನಿಜವಾದ ಅಳತೆಯಲ್ಲೇ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಇಲ್ಲಿ ಒಲೆ, ಇಲ್ಲಿ ಎಣ್ಣೆ ಬಾಣಲೆ, ಇಲ್ಲಿ ಪ್ಯಾಕಿಂಗ್. ಹುಡುಗರು ಬರಿಗೈಯಲ್ಲೇ ಬರ್ಗರ್ ಮಾಡಿದ ಹಾಗೆ ನಟಿಸುತ್ತಾರೆ. ಡಿಕ್ ಏಣಿ ಹತ್ತಿ ಮೇಲಿನಿಂದ ನೋಡುತ್ತಿರುತ್ತಾನೆ. ಯಾರಿಗೆ ಯಾರು ಅಡ್ಡ ಬರುತ್ತಿದ್ದಾರೆ, ಯಾರು ಸುಮ್ಮನೆ ನಾಲ್ಕು ಹೆಜ್ಜೆ ಜಾಸ್ತಿ ನಡೆಯುತ್ತಿದ್ದಾರೆ, ಎಲ್ಲ ಅಲ್ಲಿಂದ ಕಾಣುತ್ತದೆ. ಸರಿ ಹೋಗದಿದ್ದರೆ ಗೆರೆ ಅಳಿಸಿ ಮತ್ತೆ ಎಳೆಯುವುದು, ಮತ್ತೆ ಆಡಿಸುವುದು. ಇದು ಕಟ್ಟುಕಥೆಯೂ ಅಲ್ಲ. ಅವರು ನಿಜವಾಗಿಯೂ ಹೀಗೆ ಪ್ರಯೋಗ ಮಾಡಿದ್ದರು. 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊಸ ರೀತಿಯಲ್ಲಿ ಹೋಟೆಲ್ ತೆರೆದರು. ಚೆನ್ನಾಗಿ ಮಾರಾಟವಾಗುವ ಕೆಲವನ್ನು ಮಾತ್ರ ಇಟ್ಟುಕೊಂಡು ಉಳಿದ ತಿಂಡಿಗಳನ್ನೆಲ್ಲ ಕೈಬಿಟ್ಟಿದ್ದರು.

ಅಕ್ಕ, ಮಿಷನ್‌ಗಳು ಬರುವ ಮೊದಲು ನೀವಿಬ್ಬರೂ ಖಾಲಿ ಜಾಗದಲ್ಲಿ ಇದನ್ನು ಮಾಡಿ ನೋಡಿ. ಕಟಿಂಗ್ ಟೇಬಲ್ ಎಲ್ಲಿ, ಓವರ್‌ಲಾಕ್ ಎಲ್ಲಿ, ಇಸ್ತ್ರಿ ಎಲ್ಲಿ ಅಂತ ಗೆರೆ ಎಳೆಯಿರಿ. ಒಂದು ಬ್ಲೌಸ್ ಪೀಸ್ ಕೈಯಲ್ಲಿ ಹಿಡಿದು ಕಟಿಂಗಿನಿಂದ ಪ್ಯಾಕಿಂಗ್ ತನಕ ನಡೆಯಿರಿ. ಗುಂಡಿ ಹಾಕುವವಳು ಪ್ರತಿ ಸಲ ಎದ್ದು ಹೋಗಬೇಕಾದರೆ ಅಲ್ಲೇ ಗೊತ್ತಾಗುತ್ತದೆ. ಮಿಷನ್ ಇಟ್ಟು ವೈರಿಂಗ್ ಮುಗಿಸಿದ ಮೇಲೆ ಗೊತ್ತಾದರೆ ಖರ್ಚು, ಬೇಜಾರು ಎರಡೂ.

ಅದೇ ಚಿತ್ರದ ಕೊನೆ ಭಾಗವನ್ನು ಗೆಳತಿಯ ಜೊತೆ ಕೂತೇ ನೋಡು. ಅಣ್ಣತಮ್ಮಂದಿರು ತಮ್ಮ ಕಂಪನಿಯನ್ನು ಕ್ರಾಕ್‌ಗೆ ಮಾರುತ್ತಾರೆ. ಮುಂದೆ ಬರುವ ಲಾಭದಲ್ಲಿ ನೂರಕ್ಕೆ ಒಂದು ಪಾಲು ಕೊಡುತ್ತೇನೆ ಅಂತ ಅವನು ಬರೀ ಕೈಕುಲುಕಿ ಒಪ್ಪುತ್ತಾನೆ, ಕಾಗದದ ಮೇಲೆ ಬರೆಯುವುದಿಲ್ಲ. ಆ ದುಡ್ಡು ಅವರಿಗೆ ಸಿಗಲೇ ಇಲ್ಲ ಅಂತ ಚಿತ್ರ ಹೇಳುತ್ತದೆ. ನಿಮ್ಮಿಬ್ಬರ ಸ್ನೇಹದ ಮೇಲೆ ನನಗೆ ಒಂದಿಷ್ಟೂ ಅನುಮಾನವಿಲ್ಲ. ಸ್ನೇಹ ಗಟ್ಟಿಯಾಗಿರುವಾಗಲೇ ಬರೆದಿಟ್ಟುಕೊಳ್ಳುವುದು ಸುಲಭ. ಯಾರ ಬಂಡವಾಳ ಎಷ್ಟು, ಯಾರ ಕೆಲಸ ಯಾವುದು, ಒಬ್ಬರು ಬಿಟ್ಟು ಹೋಗಬೇಕಾದರೆ ಲೆಕ್ಕ ಹೇಗೆ. ಮುಖ್ಯವಾಗಿ ಆ ಕೊನೆಯದು.

ಅಪ್ಪನಿಗೆ ಇಂಗ್ಲಿಷ್ ಸಿನಿಮಾ ಬೇಡ ಅಂದರೆ 'ಬಂಗಾರದ ಮನುಷ್ಯ' ಇದೆಯಲ್ಲ. 1972ರ ಚಿತ್ರ, ಅವರಿಗೆ ದೃಶ್ಯ ದೃಶ್ಯವೂ ಬಾಯಿಪಾಠ. ರಾಜ್‌ಕುಮಾರ್ ಬರಡು ನೆಲವನ್ನು ಹಸಿರು ಮಾಡುವುದನ್ನು ನೋಡಿ ಎಲ್ಲರೂ ದುಡಿಮೆಯ ಪಾಠ ಕಲಿತರು. ನನ್ನನ್ನು ಕಾಡುವುದು ಕೊನೆ. ಅಕ್ಕನ ಸಂಸಾರಕ್ಕಾಗಿ ಜೀವ ತೇಯ್ದ ರಾಜೀವ, ಅಕ್ಕನ ಮಗ ಆಡಿದ ಮಾತಿಗೆ ಊಟ ಬಿಟ್ಟು ಎದ್ದು ಹೋಗುತ್ತಾನೆ. ಅವನು ಒಂದು ಪೈಸೆ ತಿಂದವನಲ್ಲ. ಮನೆಯವರಿಗೆ ನೋವಾಗಬಾರದು ಅಂತ ಒಂದು ವಿಷಯ ಮುಚ್ಚಿಟ್ಟಿದ್ದ, ಅಷ್ಟೇ. ಆ ಮೌನವೇ ಮನೆಯೊಳಗೆ ಅನುಮಾನವಾಗಿ ಬೆಳೆಯಿತು. ತ್ಯಾಗ ಅಂತ ನಾವೆಲ್ಲ ಕಣ್ಣೀರು ಹಾಕುತ್ತೇವೆ, ಹಾಕಲೇಬೇಕು. ಆದರೆ ನೀನು ಯೂನಿಟ್‌ಗೆ ಅಪ್ಪನ ದುಡ್ಡು ಹಾಕುತ್ತಿದ್ದೀಯ. ಪ್ರತಿ ತಿಂಗಳು ಒಂದು ದಿನ ಎಲ್ಲರ ಮುಂದೆ ಲೆಕ್ಕದ ಪುಸ್ತಕ ಬಿಚ್ಚು. ಯಾರೂ ಕೇಳದಿದ್ದರೂ ಬಿಚ್ಚು. ಅಪ್ಪ ಇದಕ್ಕೆ ಖಂಡಿತ ಒಪ್ಪುತ್ತಾರೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸಿನಿಮಾ ಎರಡು ಗಂಟೆಯಲ್ಲಿ ಮುಗಿಯಬೇಕು, ಹಾಗಾಗಿ ಎಷ್ಟೋ ವಿಷಯ ಬಿಟ್ಟುಬಿಡುತ್ತಾರೆ. 2011ರ 'ಮನಿಬಾಲ್' ನನಗೆ ಬಹಳ ಇಷ್ಟ. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ. ಓಕ್‌ಲ್ಯಾಂಡ್‌ನ ದುಡ್ಡಿಲ್ಲದ ತಂಡವೊಂದು, ಬೇರೆಯವರು ಬೇಡ ಅಂದ ಆಟಗಾರರನ್ನು ಅಂಕಿಅಂಶ ನೋಡಿ ಕೊಂಡು, 2002ರಲ್ಲಿ ಸತತ 20 ಪಂದ್ಯ ಗೆಲ್ಲುತ್ತದೆ. ನಿಜವಾಗಿ ನಡೆದದ್ದೇ. ಆದರೆ ಅದೇ ವರ್ಷ ಆ ತಂಡ ಆಡುವ ಲೀಗಿನಲ್ಲಿ ಅತ್ಯುತ್ತಮ ಪಿಚರ್, ಅಂದರೆ ಚೆಂಡು ಎಸೆಯುವವನ, ಪ್ರಶಸ್ತಿ ಗೆದ್ದ ಬ್ಯಾರಿ ಜೀಟೊ, ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಗೆದ್ದ ಮಿಗೆಲ್ ತೆಹಾಡ ಇಬ್ಬರೂ ಆ ತಂಡದಲ್ಲೇ ಇದ್ದರು. ಚಿತ್ರ ನೋಡಿದರೆ ಅವರು ಇದ್ದರು ಅಂತಲೇ ನೆನಪಾಗುವುದಿಲ್ಲ. ಅಗ್ಗದ ಆಟಗಾರರಿಂದಲೇ ಎಲ್ಲ ಆಯಿತು ಅನ್ನಿಸಿಬಿಡುತ್ತದೆ. ಯಾರದೇ ಯಶಸ್ಸಿನ ಕಥೆ ನೋಡಿದರೂ ಈ ಪ್ರಶ್ನೆ ಕೇಳಿಕೋ: ಇಲ್ಲಿ ಕಾಣದೆ ದುಡಿದವರು ಯಾರು? ನಿನ್ನ ಯೂನಿಟ್‌ನಲ್ಲೂ ಹೊಸ ಹುಡುಗಿಯರಿಗೆ ಕಲಿಸುವ ಅನುಭವಿ ಟೈಲರ್ ಒಬ್ಬರು ಬೇಕೇ ಬೇಕು. ಅವರ ಸಂಬಳದಲ್ಲಿ ಉಳಿಸಲು ಹೋಗಬೇಡ.

'12 ಆಂಗ್ರಿ ಮೆನ್' ಬಗ್ಗೆ ಮೊದಲೂ ಹೇಳಿದ್ದೆ, ಅಲ್ವಾ? ಕೊಲೆ ಆರೋಪ ಹೊತ್ತ ಹುಡುಗನೊಬ್ಬ ಅಪರಾಧಿಯೋ ಅಲ್ಲವೋ ಅಂತ ಹನ್ನೆರಡು ಜನ ಜ್ಯೂರಿಗಳು ತೀರ್ಮಾನಿಸಬೇಕು. ಒಂದೇ ಕೋಣೆ, ಹನ್ನೊಂದು ಜನ ಒಂದು ಕಡೆ, ಒಬ್ಬ ಇನ್ನೊಂದು ಕಡೆ. ಅವನು ಹುಡುಗ ನಿರಪರಾಧಿ ಅಂತ ವಾದಿಸಲು ಶುರು ಮಾಡುವುದೇ ಇಲ್ಲ. ನನಗೂ ಗೊತ್ತಿಲ್ಲ, ಸ್ವಲ್ಪ ಮಾತಾಡೋಣ ಅನ್ನುತ್ತಾನೆ ಅಷ್ಟೇ. ಗಿರಾಕಿ ಸಿಟ್ಟಾಗಿ ಬಟ್ಟೆ ವಾಪಸ್ ತಂದಾಗ ಆ ಧಾಟಿ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನೀನೇ ನೋಡುತ್ತೀಯ.

ಅಮ್ಮನಿಗೆ ಒಂದು ಚಿತ್ರ ತೋರಿಸು. ನಿರ್ದೇಶಕ ಕುರೊಸಾವಾ ಅವರ 'ಇಕಿರು', 1952ರದು, ಜಪಾನಿ ಭಾಷೆ. ಪಕ್ಕದಲ್ಲಿ ಕೂತು ನೀನು ಹೇಳುತ್ತಾ ಹೋದರೆ ಸಾಕು. ಕೊಳಚೆ ಗುಂಡಿ ಮುಚ್ಚಿ ಮಕ್ಕಳಿಗೆ ಪಾರ್ಕ್ ಮಾಡಿಕೊಡಿ ಅಂತ ಒಂದಿಷ್ಟು ತಾಯಂದಿರು ನಗರಸಭೆ ಕಚೇರಿಗೆ ಬರುತ್ತಾರೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಳಿಸಿ ಕಳಿಸಿ ಕೊನೆಗೆ ಮೊದಲಿನ ಮೇಜಿಗೇ ವಾಪಸ್. ಆ ವಿಭಾಗದ ಮುಖ್ಯಸ್ಥ ವಾತಾನಾಬೆಗೆ ಹೊಟ್ಟೆಯ ಕ್ಯಾನ್ಸರ್. ಉಳಿದ ಕೆಲವೇ ತಿಂಗಳಲ್ಲಿ ಅವನು ಅದೇ ಅರ್ಜಿ ಹಿಡಿದು ಒಂದೊಂದು ಮೇಜಿನ ಮುಂದೂ ತಲೆ ಬಾಗಿಸಿ ನಿಂತು ಪಾರ್ಕ್ ಮಾಡಿಸುತ್ತಾನೆ. ಅವನು ಸತ್ತ ಮೇಲೆ ಸಹೋದ್ಯೋಗಿಗಳೆಲ್ಲ ಕುಡಿದು, ಅತ್ತು, ನಾವೂ ಅವನ ಹಾಗೇ ದುಡಿಯುತ್ತೇವೆ ಅಂತ ಆಣೆ ಮಾಡುತ್ತಾರೆ. ಮತ್ತೆ ಕಚೇರಿಯಲ್ಲಿ ಹೊಸ ಅರ್ಜಿ ಬರುತ್ತದೆ. ಹಳೇ ಚಾಳಿಯಂತೆ ಬೇರೆ ವಿಭಾಗಕ್ಕೆ ಕಳಿಸುತ್ತಾರೆ. ಒಬ್ಬ ಗುಮಾಸ್ತ ತಡೆಯಲಾರದೆ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನನ್ನೇ ನೋಡುತ್ತಾರೆ. ಅವನು ಏನೂ ಹೇಳದೆ ಕೂರುತ್ತಾನೆ, ಕಾಗದದ ರಾಶಿಯ ಹಿಂದೆ ಅವನ ಮುಖ ಮರೆಯಾಗುತ್ತದೆ. ಸಿನಿಮಾ ನೋಡಿದ ರಾತ್ರಿ ನಮಗೆಲ್ಲ ಬರುವ ಹುಮ್ಮಸ್ಸಿನ ಗತಿ ಏನಾಗುತ್ತದೆ ಅಂತ ಇಷ್ಟು ನಿಜವಾಗಿ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಒಂದು ಚಿತ್ರ ನೋಡಿದರೆ ಮಾರನೇ ದಿನ ಅದರಿಂದ ಒಂದೇ ಒಂದು ಕೆಲಸ ಮಾಡಿಬಿಡು. ಮಾಡಿದ ಮೇಲೆ ಬೇರೆ ಸಿನಿಮಾ.

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಗೆಳತಿಯ ಜೊತೆ ಕೂತು ಪಾಲಿನ ಕಾಗದಕ್ಕೆ ಒಂದು ಕರಡು ಬರೆದಿಡು. ಅಪ್ಪನಿಗೂ ಓದಿ ಹೇಳು, ಅವರು ಏನು ತಿದ್ದಿದರು ಅಂತ ನನಗೆ ತಿಳಿಸು.

ಇಂತಿ ನಿನ್ನ ಪ್ರೀತಿಯ
ತಮ್ಮ